ಹೊಸತೊಡಕಿನ ದಿನ ಹಣ್ಣಾದ ಹುಳು

ನಮ್ಮ ತೋಟಕ್ಕೆ ಬಂದವರ ಕೈ ಮೂಸಿ ನೋಡುವುದು ನನ್ನ ಅಭ್ಯಾಸ. ಬೀಗರೇ ಬರಲಿ, ಗುಡಿಯ ಪೂಜಾರಪ್ಪನೇ ಬರಲಿ, ಮೊದಲು ಮೂಸುತ್ತೇನೆ, ಆಮೇಲೆ ಕುಡಿಯಲು ನೀರು ಕೊಡುತ್ತೇನೆ. ರೇಷ್ಮೆ ಹುಳು ಸಾಕುವವಳು ದಾಕ್ಷಿಣ್ಯ ನೋಡುತ್ತಾ ಕೂತರೆ ಆಗುತ್ತದೆಯೇ? ಪೌಡರಿನ ಘಮ, ಬೀಡಿಯ ಹೊಗೆ, ಸೊಳ್ಳೆಬತ್ತಿ, ಒಂದೂ ಅವಕ್ಕೆ ಆಗಿಬರುವುದಿಲ್ಲ. ತಿಂಗಳಿಡೀ ಮಕ್ಕಳಂತೆ ಸಾಕಿದ ಬೆಳೆ ಯಾರದೋ ಕೈಯ ಸೆಂಟಿನಿಂದ ಹಾಳಾಗಿಬಿಡಬಹುದು.

ಆ ಯುಗಾದಿಗೆ ಮಗ, ಸೊಸೆ, ಮೊಮ್ಮಕ್ಕಳು ಹೊಸಹಳ್ಳಿಯಿಂದ ಬಂದಾಗಲೂ ಗೇಟಿನಲ್ಲೇ ತಡೆದೆ. ಸೊಸೆಯ ಬ್ಯಾಗಿನಲ್ಲಿ ಸೊಳ್ಳೆಬತ್ತಿಯ ಡಬ್ಬ ಸಿಕ್ಕಿತು, ಕಿತ್ತಿಟ್ಟುಕೊಂಡೆ. ಒಂಬತ್ತು ವರ್ಷದ ಮೊಮ್ಮಗಳು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಎಳೆದು ಮೂಸಿದೆ. ಮಲ್ಲಿಗೆ ವಾಸನೆಯ ಪೌಡರು.

"ಏನೇ ಇದು, ಮದ್ವೆ ಮನೆಗೆ ಬಂದಿದೀಯಾ?"

"ಬಸ್ಸಲ್ಲಿ ಬೆವರುತ್ತೆ ಅಜ್ಜಿ."

"ಬೆವರಲಿ ಬಿಡು. ಹೋಗು, ಮೊಣಕೈವರೆಗೂ ತೊಳ್ಕೊಂಡು ಬಾ."

ಅವಳ ಮುಖ ಸಪ್ಪಗಾಯಿತು. ಅಕ್ಕನಿಗೆ ಬೈಗುಳ ಬಿದ್ದದ್ದು ಕಂಡು ಐದು ವರ್ಷದ ತಮ್ಮ ಕುಣಿದಾಡಿದ. "ಬಂದ ಮಕ್ಕಳನ್ನ ಬಾಗಿಲಲ್ಲೇ ಹೆದರಿಸ್ತೀಯಲ್ಲೇ" ಎಂದರು ನಮ್ಮ ಯಜಮಾನರು. ನಾನು ಕೇಳಿಸಿಕೊಳ್ಳಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಆರೇಳು ವರ್ಷವಾಗಿತ್ತು. ಕೆಂಗೇರಿ ಉಪನಗರ ದಾಟಿ ಒಳಕ್ಕೆ ತಿರುಗಿದರೆ ದಾರಿಯುದ್ದಕ್ಕೂ ಸೈಟಿನ ಕಲ್ಲುಗಳು ಎದ್ದಿದ್ದವು. ನಮ್ಮ ಎರಡು ಎಕರೆಯಲ್ಲಿ ಮಾತ್ರ ಹಿಪ್ಪುನೇರಳೆ ಸೊಪ್ಪು ಸೊಂಪಾಗಿತ್ತು. ಬದುವಿನ ಹೊಂಗೆ ಮರ ಹೊಸ ಎಲೆ ಬಿಟ್ಟು ನೆಲದ ತುಂಬ ಹೂ ಉದುರಿಸುತ್ತಿತ್ತು, ಬೇವು ಹೂ ಬಿಟ್ಟಿತ್ತು. ಮೊಮ್ಮಗ ದಿನವಿಡೀ ಕರುವಿನ ಹಿಂದೆ ಓಡುತ್ತಿದ್ದ.

ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ತಿಳಿಹಳದಿಗೆ ತಿರುಗಿ, ಗೂಡು ಕಟ್ಟಲು ಅಣಿಯಾಗುವುದಕ್ಕೆ ನಾವು ಹಣ್ಣಾಗುವುದು ಎನ್ನುತ್ತೇವೆ. ಹಣ್ಣಾದವನ್ನು ಒಂದೊಂದೇ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಚಾಪೆಯ ಮೇಲೆ ಬಿದಿರಿನ ದಬ್ಬೆಯನ್ನು ಸುರುಳಿಯಾಗಿ ಸುತ್ತಿದ ಅಗಲವಾದ ತಡಿಕೆ. ತಡ ಮಾಡಿದರೆ ಹುಳು ಸಾಕುವ ತಟ್ಟೆಯ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಅವಸರ ಮಾಡಿ ಇನ್ನೂ ಕಾಯಾಗಿರುವುದನ್ನು ಬಿಟ್ಟರೆ ಹೊಟ್ಟೆ ತುಂಬದೆ ಜೊಳ್ಳು ಗೂಡು ಕಟ್ಟುತ್ತದೆ. ಹಣ್ಣು ಯಾವುದು, ಕಾಯಿ ಯಾವುದು ಎಂದು ಹೇಳಲು ಕಣ್ಣು ಬೇಕು. ಮೂವತ್ತು ವರ್ಷ ನನ್ನ ಕಣ್ಣು ತಪ್ಪಿರಲಿಲ್ಲ. ಅನುಮಾನ ಬಂದರೆ ಅಕ್ಕಪಕ್ಕದ ಊರಿನವರು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಅದರ ಜಂಬ ನನಗಿತ್ತು. ಈಗಲೂ ಇದೆ, ಸುಳ್ಳೇಕೆ ಹೇಳಲಿ.

ಆದರೆ ಆ ವರ್ಷ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಆದ ಮೇಲೆ ತಿಂಗಳ ಕಾಲ ಒಲೆ, ಧೂಳು, ಸೊಪ್ಪು ಎಂದು ಹತ್ತಿರ ಹೋಗಬಾರದು ಎಂದಿದ್ದರು ಡಾಕ್ಟರು. ನಾನಿಲ್ಲದೆ ಹುಳು ನೋಡುವವರು ಯಾರು? ಮಾಡಿಸುವುದಿಲ್ಲ ಎಂದು ಹಟ ಹಿಡಿದೆ. ಮಗನಿಗೂ ನನ್ನದೇ ಹಟ ಬಂದಿದೆ. "ಈ ಬೆಳೆ ಏನಾದ್ರೂ ಕೆಟ್ರೆ ಮುಗೀತಮ್ಮ, ಸೊಪ್ಪು ಕಿತ್ತು ತರಕಾರಿ ಹಾಕ್ಸೋಣ" ಎಂದು ಹೇಳಿಬಿಟ್ಟಿದ್ದ. ನನ್ನ ಕಣ್ಣಿಗೆ ಏನೂ ಆಗಿಲ್ಲ ಎಂದು ಅವನ ಬಾಯಿ ಮುಚ್ಚಿಸಿದ್ದೆ.

ಯುಗಾದಿಯ ಸಂಜೆ ಯಜಮಾನರು ಕೇಳಿದರು, "ಹುಳ ಆರ್ಸೋಕೆ ಹೆಂಗಸರಿಗೆ ನಾಳೆಗೆ ಹೇಳ್ಲಾ?"

ಹುಳುಮನೆಗೆ ಹೋಗಿ ತಟ್ಟೆಗಳ ಮೇಲೆ ಬಗ್ಗಿ ನೋಡಿದೆ. ಬೆಳ್ಳಗೆ ಏನೋ ಹರಿದಾಡಿದ ಹಾಗೆ ಕಂಡಿತು, ಅಷ್ಟೇ. ಒಂದು ಮಾತು ಮೊಮ್ಮಗಳನ್ನು ಕೇಳಿದ್ದರೆ ಆಗುತ್ತಿತ್ತು. ಕೇಳಲು ನನ್ನ ಜಂಬ ಬಿಡಬೇಕಲ್ಲ. "ನಾಳೆ ಬೇಡ, ನಾಡಿದ್ದು" ಎಂದೆ. ನಾಳೆ ಹೊಸತೊಡಕು. ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಮನೆಮನೆಯಲ್ಲೂ ಬಾಡೂಟ. ಅವತ್ತು ಕೂಲಿಗೆ ಕರೆದರೆ ಯಾರೂ ತಿರುಗಿ ಕೂಡ ನೋಡುವುದಿಲ್ಲ.

ಬೆಳಗ್ಗೆ ಯಜಮಾನರು ಊರವರು ಸೇರಿ ಗುಡ್ಡೆ ಹಾಕಿ ಹಂಚಿಕೊಳ್ಳುವ ಬಾಡಿನಲ್ಲಿ ನಮ್ಮ ಪಾಲು ತರಲು ಹೋದರು. ನಾನು ಮಸಾಲೆಗೆ ಕೊಬ್ಬರಿ ತುರಿಯುತ್ತಿದ್ದೆ. ಮೊಮ್ಮಗಳು ಒದ್ದೆ ಕೈ ಮುಂದೆ ಹಿಡಿದುಕೊಂಡೇ ಬಂದಳು.

"ಅಜ್ಜಿ, ಹುಳ ತಿಂತಾ ಇಲ್ಲ. ತಲೆ ಎತ್ಕೊಂಡು ಆಡಿಸ್ತಾ ಇವೆ."

"ನಿನ್ನೆ ಮೊನ್ನೆ ಬಂದೋಳು ನನಗೆ ಹೇಳ್ಕೊಡಕ್ಕೆ ಬಂದ್ಯಾ? ಹೋಗೇ ಆಚೆ."

ಅವಳು ಹೋಗಲಿಲ್ಲ. "ಕೈ ತೊಳ್ಕೊಂಡೇ ಹೋಗಿದ್ದೆ ಅಜ್ಜಿ. ಬಂದು ನೋಡು" ಎಂದಳು.

ಗೊಣಗಿಕೊಂಡೇ ಎದ್ದು ಹೋದೆ. ಬೆಳೆದ ಹುಳು ಸೊಪ್ಪು ತಿನ್ನುವಾಗ ಹುಳುಮನೆಯಲ್ಲಿ ಸೋನೆ ಮಳೆ ಹಿಡಿದ ಹಾಗೆ ಸದ್ದು ಇರುತ್ತದೆ. ಬಾಗಿಲಲ್ಲಿ ನಿಂತು ಕಿವಿಗೊಟ್ಟೆ. ಸದ್ದು ಅರ್ಧಕ್ಕರ್ಧ ಇಳಿದುಹೋಗಿತ್ತು. ಅರ್ಧ ಹುಳು ಆಗಲೇ ಹಣ್ಣಾಗಿತ್ತು. ಸಂಜೆಯೊಳಗೆ ಆರಿಸದಿದ್ದರೆ ಬೆಳೆ ಹೋಯಿತು, ಬೆಳೆಯ ಜೊತೆ ನನ್ನ ತೋಟವೂ ಹೋಯಿತು.

ಒಲೆ ಆರಿಸಿ ಎಲ್ಲರನ್ನೂ ಕರೆದೆ. "ಬಾಡು ಬೇಯ್ಲಿ ಕಣಮ್ಮ, ಊಟ ಮಾಡ್ಕೊಂಡು ಶುರು ಮಾಡೋಣ" ಎಂದ ಮಗ. "ಬಾಡು ಎಲ್ಲೂ ಹೋಗಲ್ಲ ಕಣೋ, ಕೈ ತೊಳ್ಕೊಂಡು ಬಾ" ಎಂದು ಬಾಯಿ ಮಾಡಿದೆ. ಸೊಸೆ ಸೆರಗು ಸಿಕ್ಕಿಸಿಕೊಂಡು ಬಂದಳು. ಪುಟ್ಟ ಮೊಮ್ಮಗನನ್ನು ಬಾಗಿಲಲ್ಲಿ ಕೂರಿಸಿ ಕೋಳಿ ಒಳಗೆ ಬರದಂತೆ ಕಾಯಲು ಹೇಳಿದೆ.

ಮೊಮ್ಮಗಳಿಗೆ ಹೇಳಿಕೊಟ್ಟದ್ದು ಒಂದೇ ಸಲ. ಬೆಳಕಿಗೆ ಹಿಡಿ, ಕುತ್ತಿಗೆಯ ಕೆಳಗೆ ಬೆಳಕು ತೂರಿ ಕಂಡರೆ ಹಣ್ಣು, ಹಸಿರು ಕಂಡರೆ ಕಾಯಿ. ಮೊದಲ ಹುಳುವನ್ನು ಮುಖ ಕಿವುಚಿಕೊಂಡು ಎರಡೇ ಬೆರಳಲ್ಲಿ ಎತ್ತಿದಳು. ಹತ್ತನೆಯದಕ್ಕೆ ಮುಖ ಸರಿಯಾಯಿತು. ಆಮೇಲೆ ಅವಳ ಕೈ ಹೂ ಬಿಡಿಸುವವರ ಕೈಯ ಹಾಗೆ ಓಡತೊಡಗಿತು. ಪೌಡರಿನ ಹುಡುಗಿ ಎಂದು ಬೈದವಳು ನಾನೇ ಅಲ್ಲವೇ ಎಂದು ನಾಲಿಗೆ ಕಚ್ಚಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಒಂದು ಗಮನಿಸಿದೆ. ನಾನು ಆರಿಸಿ ತುಂಬಿದ ಮೊರದ ಬಳಿ ಅವಳು ಮತ್ತೆ ಮತ್ತೆ ಸುಳಿಯುತ್ತಿದ್ದಳು. ಮೊರದಿಂದ ಹುಳು ಎತ್ತಿ ವಾಪಸ್ಸು ಸೊಪ್ಪಿನ ಮೇಲೆ ಇಡುತ್ತಿದ್ದಳು. ಅವಳ ಕೈ ಗಪ್ಪನೆ ಹಿಡಿದೆ.

"ಏನೇ ಮಾಡ್ತಾ ಇದೀಯ?"

ಅವಳು ಅಪ್ಪ ಎಲ್ಲಿದ್ದಾನೆ ಎಂದು ಒಮ್ಮೆ ತಿರುಗಿ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ಇವು ಕಾಯಿ ಅಜ್ಜಿ. ನಿಂಗೆ ಕಾಣಿಸ್ತಾ ಇಲ್ಲ ಅಲ್ವಾ? ನಾನು ಅಪ್ಪಂಗೆ ಹೇಳಲ್ಲ."

ನನಗೆ ಸಿಟ್ಟು ಬಂತು. ಅಳು ಬಂತು. ಯಾವುದು ಮೊದಲು ಬಂತೋ ಗೊತ್ತಿಲ್ಲ. ಮೂವತ್ತು ವರ್ಷದ ಕಣ್ಣನ್ನು ಒಂದು ಬೆಳಗಿನಲ್ಲಿ ಕಲಿತ ಮಗು ತಿದ್ದುತ್ತಿತ್ತು. ಅದೂ ನನ್ನ ಮಾನ ಹೋಗದ ಹಾಗೆ, ಕದ್ದು. ಬಾಯಿಗೆ ಬಂದ ಬೈಗುಳ ನುಂಗಿಕೊಂಡು ನನ್ನ ಮೊರವನ್ನು ಅವಳ ಕಡೆ ತಳ್ಳಿದೆ. ಅಲ್ಲಿಂದ ಸಂಜೆಯವರೆಗೆ ನಾನು ಎತ್ತಿ ಕೊಟ್ಟೆ, ಅವಳು ನೋಡಿ ಇಟ್ಟಳು. ಬಾಡೂಟಕ್ಕೆ ಕೂತಾಗ ಸೂರ್ಯ ಮುಳುಗುತ್ತಿದ್ದ. ಅವಳು ತಟ್ಟೆಯ ಮುಂದೆ ಕೂತೇ ತೂಕಡಿಸಿದಳು.

ಆರನೆಯ ದಿನ ಗೂಡು ಬಿಡಿಸಲು ಕೂತೆವು. ಮಗ, ಸೊಸೆ ಮಕ್ಕಳೊಂದಿಗೆ ಹೊಸಹಳ್ಳಿಗೆ ಹೋಗಿ ಅದಕ್ಕೆಂದೇ ಮತ್ತೆ ಬಂದಿದ್ದರು. ಚಂದ್ರಿಕೆಯ ತುಂಬ ಹಳದಿ ಗೂಡುಗಳು. ಬೆರಳಲ್ಲಿ ಒತ್ತಿದರೆ ಗಟ್ಟಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಕೋಶ ಲೊಡಲೊಡ ಎನ್ನುತ್ತಿತ್ತು. ಜೊಳ್ಳು ಹುಡುಕಿದರೂ ಅಲ್ಲೊಂದು ಇಲ್ಲೊಂದು. ಮಗ ಬೊಗಸೆ ತುಂಬ ಎತ್ತಿ ನೋಡಿದ.

"ಅಮ್ಮನ ಕಣ್ಣು ಕಣ್ಣೇ ಬಿಡಪ್ಪ. ಸುಮ್ನೆ ಅನುಮಾನ ಪಟ್ಟೆ" ಎಂದ.

ಮೊಮ್ಮಗಳು ತಲೆ ಬಗ್ಗಿಸಿಕೊಂಡು ಗೂಡು ಬಿಡಿಸುತ್ತಲೇ ಇದ್ದಳು. ನಾನು ಸುಮ್ಮನಿದ್ದರೆ ನನ್ನ ಹೆಸರು ಉಳಿಯುತ್ತಿತ್ತು, ತೋಟವೂ ಉಳಿಯುತ್ತಿತ್ತು. ಆದರೆ ಆ ಬಗ್ಗಿದ ತಲೆ ನೋಡಿ ಸುಮ್ಮನಿರಲು ಆಗಲಿಲ್ಲ.

"ನನ್ನ ಕಣ್ಣಲ್ಲ ಕಣೋ, ನಿನ್ನ ಮಗಳದು. ನನಗೆ ಹಣ್ಣೂ ಕಾಣಲ್ಲ, ಕಾಯೂ ಕಾಣಲ್ಲ. ಅವಳಿಲ್ದಿದ್ರೆ ಈ ಬೆಳೆ ಕೆಡ್ತಿತ್ತು, ಕೆಡಿಸ್ತಿದ್ದೋಳು ನಾನೇ."

ಮಗ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಮಗಳ ಮುಖ ನೋಡಿದ. ತರಕಾರಿಯ ಮಾತು ಈಗ ಬಂತು, ಆಗ ಬಂತು ಎಂದು ನಾನು ಕಾಯುತ್ತಿದ್ದೆ. ಮಾತಾಡಿದವಳು ಅವಳು.

"ಅಜ್ಜಿ ಆಪರೇಷನ್ ಮಾಡಿಸ್ಕೊಳ್ಳಲಿ ಅಪ್ಪ. ಮುಂದಿನ ಬೆಳೆ ನಾನು ನೋಡ್ಕೋತೀನಿ. ಹೆಂಗೂ ಬೇಸಿಗೆ ರಜ ಇದೆ."

"ಒಬ್ಳೇನಾ?" ಎಂದ ಮಗ.

"ತಾತ ಸೊಪ್ಪು ತರ್ತಾರೆ" ಎಂದಳು, ತಾತನನ್ನು ಒಂದು ಮಾತು ಕೇಳದೆ. ಯಜಮಾನರು ತಲೆಯಾಡಿಸಿದರು. ನನ್ನ ಸೊಕ್ಕು ಆ ಹುಡುಗಿಗೆ ಹೇಗೆ ಬಂತೋ ಎಂದುಕೊಂಡೆ. ಎದೆ ಉಬ್ಬಿಹೋಯಿತು.

ಮೊದಲ ಕಣ್ಣಿನ ಆಪರೇಷನ್ ಆಯಿತು. ಡಾಕ್ಟರು ಹೇಳಿದ ಅಷ್ಟೂ ದಿನ ನಾನು ಹೊಸಹಳ್ಳಿಯ ಮಗನ ಮನೆಯಲ್ಲಿ ಕರಿ ಕನ್ನಡಕ ಹಾಕಿಕೊಂಡು ಕೂತೆ. ಸೊಸೆ ನನ್ನ ಬೈಗುಳ ತಿಂದೂ ನೋಡಿಕೊಂಡಳು. ಅಷ್ಟು ದಿನವೂ ತೋಟದಿಂದ ಮೊಮ್ಮಗಳ ಫೋನು ಬರುತ್ತಿತ್ತು. ಮೂರನೇ ಜ್ವರ ಬಿಟ್ಟಿತು ಅಜ್ಜಿ, ನಾಲ್ಕನೇ ಜ್ವರಕ್ಕೆ ಕೂತಿವೆ ಅಜ್ಜಿ. ಹುಳು ಪೊರೆ ಕಳಚಲು ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆ, ಆ ಮಾತನ್ನೂ ಅವಳು ಕಲಿತಿದ್ದಳು.

ತಿಂಗಳು ಕಳೆದು ತೋಟಕ್ಕೆ ಹೋದ ದಿನ ಮನೆಯೊಳಗೂ ಕಾಲಿಡದೆ ನೇರ ಹುಳುಮನೆಯ ಕಡೆ ನಡೆದೆ. ಮೊಮ್ಮಗಳು ಬಾಗಿಲಿಗೆ ಅಡ್ಡ ನಿಂತಳು. ಪೊರೆ ತೆಗೆದ ಕಣ್ಣಿಗೆ ಅವಳ ಮುಖ ಚೆನ್ನಾಗಿ ಕಂಡಿತು. ಬಿಸಿಲಿಗೆ ಕಪ್ಪಾಗಿತ್ತು, ಪೌಡರಿನ ಸುಳಿವೇ ಇರಲಿಲ್ಲ.

"ಕೈ ಕೊಡು ಅಜ್ಜಿ."

ಕೊಟ್ಟೆ. ಮೂಸಿ ನೋಡಿದಳು.

"ಏನೋ ಔಷಧಿ ವಾಸನೆ ಬರ್ತಾ ಇದೆ. ಮೊಣಕೈವರೆಗೂ ತೊಳ್ಕೊಂಡು ಬಾ."

ಜಗಲಿಯ ಮೇಲೆ ಯಜಮಾನರು ನಗುತ್ತಿದ್ದರು. ನಾನು ತೊಟ್ಟಿಯ ಹತ್ತಿರ ಹೋಗಿ ಸೋಪು ಹಚ್ಚಿ ಎರಡು ಸಲ ತೊಳೆದೆ. ನನ್ನ ಇಷ್ಟು ವರ್ಷದ ಬಾಳಿನಲ್ಲಿ ನನ್ನನ್ನು ಹುಳುಮನೆಯ ಬಾಗಿಲಲ್ಲಿ ತಡೆದವರು ಯಾರೂ ಇರಲಿಲ್ಲ, ತಡೆಸಿಕೊಂಡರೆ ಇಷ್ಟು ಖುಷಿ ಆಗುತ್ತದೆ ಎಂದೂ ಗೊತ್ತಿರಲಿಲ್ಲ. ವಾಪಸ್ಸು ಬಂದು ಎರಡೂ ಕೈ ಚಾಚಿ ನಿಂತೆ. ಮತ್ತೊಮ್ಮೆ ಮೂಸಿ, ಒಳಗೆ ಬಿಟ್ಟಳು.