ಅತ್ತಿಗೆಯ ಕರಿಬೇವಿನ ಹುಳ

ದಿನಚರಿ ಬರೆಯುವವನಿಗೆ ಒಂದು ತೊಂದರೆ ಇದೆ: ಬರೆಯಲಾಗದ ದಿನಕ್ಕೂ ಅದರಲ್ಲಿ ಒಂದು ಪುಟ ಇರುತ್ತದೆ. ಪುತ್ತೂರಿನ ಬಸ್ಸು ತಡವಾದದ್ದು, ಹೊಸ ನಯಾಪೈಸೆ ಮೊದಲು ಕೈಗೆ ಬಂದದ್ದು, ಬೆಕ್ಕು ಮರಿ ಹಾಕಿದ್ದು, ಎಲ್ಲಕ್ಕೂ ತಾರೀಕು ಹಾಕಿಡುವ ನಾನು ಅತ್ತಿಗೆ ತೀರಿಹೋದ ದಿನದ ಪುಟದಲ್ಲಿ ಬರೆದದ್ದು ಇಷ್ಟೇ: "ಕರಿಬೇವಿನ ಗಿಡದಲ್ಲಿ ಹುಳ. ಬಣ್ಣ, ಹಕ್ಕಿಯ ಹಿಕ್ಕೆಯದು."

ಆ ಗಿಡ ಅತ್ತಿಗೆಯದು. ಮದುವೆಯಾದ ವರ್ಷ ಕೋಡಿಂಬಾಳದ ತವರಿನಿಂದ ಸಸಿ ತಂದು ಬಾವಿಕಟ್ಟೆಯ ಬಳಿ ನೆಟ್ಟಿದ್ದರು. ಹುಳಗಳೊಡನೆ ಅವರಿಗೆ ನಿತ್ಯ ಜಗಳ. ಆದರೆ ಕೊಲ್ಲುತ್ತಿರಲಿಲ್ಲ, ತೆಂಗಿನ ಕಡ್ಡಿಯಲ್ಲಿ ಎತ್ತಿ ಬೇಲಿಯಾಚೆಯ ಲಿಂಬೆ ಗಿಡಕ್ಕೆ ಬಿಡುತ್ತಿದ್ದರು. ಹುಳ ಸಿಟ್ಟಿನಿಂದ ಕೆಂಪು ಕೋಡು ಹೊರಚಾಚಿದರೆ, "ಎಂತ ಕೋಡು ತೋರಿಸುದು ಮಾರಾಯ? ನಿನ್ನ ಊಟ ಅಲ್ಲಿ ಉಂಟು. ಇದು ನನ್ನ ಒಗ್ಗರಣೆಗೆ" ಎನ್ನುವರು. ಜಗಲಿಯಿಂದ ಅಣ್ಣ, "ಹುಳಕ್ಕೆ ಬಡಿಸಿ ಆಯ್ತಾ? ಇನ್ನು ನಮಗುಂಟಾ?" ಎಂದು ಕೆಣಕುವನು.

ಆ ವರ್ಷ ಆಟಿ ತಿಂಗಳ ಮಳೆಯಲ್ಲಿ ಅವರಿಗೆ ಜ್ವರ ಬಂದಾಗ ಹೊಳೆ ತುಂಬಿತ್ತು. ಪುತ್ತೂರಿನ ಆಸ್ಪತ್ರೆಗೆ ಒಯ್ಯಲು ಕಡವಿನಲ್ಲಿ ದೋಣಿ ಬಿಡುವಂತಿರಲಿಲ್ಲ. ನೀರು ಇಳಿಯಿತು, ಆ ಹೊತ್ತಿಗೆ ಅವಸರವೂ ಇರಲಿಲ್ಲ.

ಸೂತಕದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಸಾಸಿವೆ ಸಿಡಿಯದ ಮನೆ ಎಷ್ಟು ನಿಶ್ಶಬ್ದವೆಂದು ಆಗ ತಿಳಿಯಿತು. ಕರಿಬೇವನ್ನು ಯಾರೂ ಕೀಳಲಿಲ್ಲ, ಹುಳವನ್ನು ಯಾರೂ ಎತ್ತಲಿಲ್ಲ. ನಮ್ಮ ಸಪ್ಪೆ ಊಟದ ದಿನಗಳು ಅದಕ್ಕೆ ಹಬ್ಬ. ತಿಂದು ತಿಂದು ಹಸಿರಾಯಿತು. ಒಂದು ಬೆಳಿಗ್ಗೆ ರೆಂಬೆಗೆ ಅಂಟಿಕೊಂಡು, ಸೊಂಟಕ್ಕೆ ನೂಲು ಬಿಗಿದುಕೊಂಡು ಕೋಶವಾಗಿ ಕುಳಿತಿತ್ತು. ಪಕ್ಕದ ಬಾವಿಕಟ್ಟೆಯಲ್ಲಿ ಅಣ್ಣ, ಯಾರೊಡನೆಯೂ ಮಾತಿಲ್ಲದೆ. ಇಬ್ಬರನ್ನೂ ನೋಡುತ್ತಿದ್ದೆ, ಹುಳದ ಬಗ್ಗೆ ಮಾತ್ರ ಬರೆಯುತ್ತಿದ್ದೆ.

ಕ್ರಿಯೆ ಮಾಡಿಸಲು ಬಂದ ಪುರೋಹಿತರು ಕೋಶ ನೋಡಿ ಭ್ರಮರಕೀಟ ನ್ಯಾಯ ವಿವರಿಸಿದರು: ದುಂಬಿಯನ್ನೇ ಧ್ಯಾನಿಸುತ್ತ ಹುಳ ಕೊನೆಗೆ ದುಂಬಿಯೇ ಆಗುತ್ತದಂತೆ. ನನಗೆ ಸಂಶಯ. ನಮ್ಮ ಹುಳ ಧ್ಯಾನಿಸಿದ್ದು ಕರಿಬೇವನ್ನು ಮಾತ್ರ. ನ್ಯಾಯ ನಿಜವಾದರೆ ಅದು ಕರಿಬೇವಿನ ಎಲೆಯಾಗಬೇಕಿತ್ತು. ಕೋಶದ ಹಸಿರು ನೋಡಿದರೆ ಅರ್ಧ ಆಗಿಯೂ ಇತ್ತು.

ಸೂತಕ ಕಳೆಯುವ ಶುದ್ಧದ ದಿನ ಅಡಿಗೆ ಭಟ್ಟರು ಬಂದು ನೇರ ಆ ರೆಂಬೆಗೇ ಕೈ ಹಾಕಿದರು.

"ಅದನ್ನು ಮುಟ್ಟಬೇಡಿ." ಅಷ್ಟು ದಿನಗಳ ಮೇಲೆ ಅಣ್ಣನ ಮೊದಲ ಮಾತು.

"ಕರಿಬೇವಿಲ್ಲದೆ ಸಾರು ಹೇಗೆ ಮಾರಾಯ್ರೆ?"

"ಸಾರು ಹೇಗಾದ್ರೂ ಆಗ್ಲಿ. ಅಲ್ಲಿ ಒಂದು ಜೀವ ಮಲಗಿ ಉಂಟು. ಎಬ್ಬಿಸುದು ಬೇಡ."

ನೆರೆಯ ಇದ್ದಿನಬ್ಬ ಬ್ಯಾರಿಯ ಹಿತ್ತಿಲಿನಿಂದ ಸೊಪ್ಪು ಬಂತು. ಒಳಗೆ ಸಾಸಿವೆ ಚಟಪಟ ಸಿಡಿದಾಗ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅತ್ತಿಗೆ ಇಲ್ಲದೆಯೂ ಈ ಮನೆಯಲ್ಲಿ ಅಡಿಗೆ ಆಗುತ್ತದೆ ಎಂಬುದನ್ನು ಆ ಸದ್ದು ಎಲ್ಲರಿಗೂ ಕೇಳುವಂತೆ ಹೇಳಿತು. ಅಣ್ಣ ಎಲೆಯ ಮುಂದೆ ಕೂತ, ಉಣ್ಣಲಿಲ್ಲ.

ಮುಂದಿನ ವಾರ ಚಿಟ್ಟೆ ಹೊರಬಂತು. ಕಪ್ಪು ರೆಕ್ಕೆ, ಅಂಚಿನಲ್ಲಿ ಬಿಳಿ ಚುಕ್ಕೆ. ಮುದುಡಿದ ರೆಕ್ಕೆ ಒಣಗುವವರೆಗೂ ಅಣ್ಣ ಕದಲಲಿಲ್ಲ. ಅದು ಬಾವಿಯನ್ನು ಒಮ್ಮೆ ಸುತ್ತಿ ಬೇಲಿ ದಾಟಿತು.

"ಅವಳೇ ಮಗಾ," ಎಂದಳು ಅಮ್ಮ.

"ಅಲ್ಲ ಅಮ್ಮ," ಎಂದ ಅಣ್ಣ. "ಅವಳಾಗಿದ್ರೆ ಹೇಳಿ ಹೋಗ್ತಿದ್ಳು."

ಮಳೆ ಕಡಿಮೆಯಾದ ಮೇಲೆ ಗಿಡದಲ್ಲಿ ಮತ್ತೆ ಹುಳಗಳು. ನೋಡಿ ಬರೆದಿಡೋಣವೆಂದು ಹೋದೆ. ಅಣ್ಣ ತೆಂಗಿನ ಕಡ್ಡಿಯಲ್ಲಿ ಒಂದನ್ನು ಎತ್ತಿಕೊಂಡು ಬೇಲಿಯ ಕಡೆಗೆ ನಡೆಯುತ್ತಿದ್ದ. "ಎಂತ ಕೋಡು ತೋರಿಸುದು ಮಾರಾಯ? ನಿನ್ನ ಊಟ ಅಲ್ಲಿ ಉಂಟು." ಅದೇ ಮಾತು, ಅದೇ ರಾಗ.

ಪುರೋಹಿತರ ನ್ಯಾಯವನ್ನು ನಾನು ಹುಳದಲ್ಲಿ ಪರೀಕ್ಷಿಸಿದ್ದೇ ತಪ್ಪು, ಅಣ್ಣನಲ್ಲಿ ನೋಡಬೇಕಿತ್ತು. ಆ ದಿನದ ಪುಟದಲ್ಲಿ ಹುಳದ ಸುದ್ದಿ ಇಲ್ಲ. ಮೊದಲ ಬಾರಿಗೆ ಅತ್ತಿಗೆಯ ಹೆಸರು ಬರೆದೆ.