ಎಂಟು ಡಬ್ಬಿಗಳ ಕೆಳಗಿನ ನೀಲಿ ವಾಷರ್

ಸ್ಕ್ರೂವಿನ ತಲೆಯ ಮೇಲೆ ಹೊಸದಾಗಿ ಬಿದ್ದ ಗೀರು ಹಳೆಯ ಗೀರಿಗಿಂತ ಹೆಚ್ಚು ಹೊಳೆಯುತ್ತದೆ. ಸೂರತ್ತಿನಿಂದ ಮರಳಿ ತಂದ ನನ್ನ ಮಾದರಿ ರೈಲಿನ ಎಂಟು ಪ್ರಯಾಣಿಕ ಡಬ್ಬಿಗಳನ್ನು ಅಹಮದಾಬಾದಿನ ಮನೆಯ ಮೇಜಿನ ಮೇಲೆ ಬೋರಲು ಮಲಗಿಸಿ ಭೂತಗನ್ನಡಿ ಹಿಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಆ ಹೊಳಪೇ. ನಾನು ಬಿಗಿದಿದ್ದ ಸ್ಕ್ರೂಗಳನ್ನು ಬೇರೆ ಯಾರೋ ತಿರುಗಿಸಿದ್ದರು. ಒಂದನ್ನು ಬಿಚ್ಚಿ ನೋಡಿದೆ. ಗಾಲಿಗಳ ಚೌಕಟ್ಟು ಮತ್ತು ಡಬ್ಬಿಯ ತಳದ ನಡುವೆ, ಉಗುರಿನಷ್ಟೇ ದಪ್ಪನೆಯ, ಕತ್ತರಿಯಿಂದ ಕತ್ತರಿಸಿದ ನೀಲಿ ಪ್ಲಾಸ್ಟಿಕ್ಕಿನ ವಾಷರ್ ಇತ್ತು. ಅದು ನನ್ನದಲ್ಲ. ಎಂಟು ಡಬ್ಬಿಗಳಿಗೂ ಹಾಗೆಯೇ.

ಆ ಚಳಿಗಾಲವನ್ನೆಲ್ಲ ನಾನು ಕಳೆದದ್ದು ಈ ಡಬ್ಬಿಗಳ ಕೊಂಡಿ ಬದಲಿಸುವುದರಲ್ಲಿ. ಕಾರ್ಖಾನೆಯಿಂದ ಬರುವಾಗ ಅವುಗಳಿಗಿರುವ ಕೊಕ್ಕೆ ಆಟಿಕೆಗಳಿಗೆ ಹಾಕುವಂಥ ದೊಡ್ಡದು. ಮೇಕೆಗೆ ಆನೆಯ ಸೊಂಡಿಲು ಅಂಟಿಸಿದಂತೆ ಕಾಣುತ್ತದೆ. ಗಾಲಿಯ ಚೌಕಟ್ಟಿಗೆ ಅಂಟಿಕೊಂಡಿರುವ ಆ ಕೊಕ್ಕೆಯನ್ನು ಕತ್ತರಿಸಿ, ನಿಜವಾದ ರೈಲಿನ ಪ್ರಮಾಣಕ್ಕೆ ಹೊಂದುವ ಸಣ್ಣ ಕಪ್ಲರನ್ನು ಡಬ್ಬಿಯ ತಳಕ್ಕೇ ಕೂಡಿಸಬೇಕು. ಹಳಿಯಿಂದ ಅದರ ಎತ್ತರ ಕೂದಲೆಳೆಯಷ್ಟೂ ತಪ್ಪಬಾರದು. ಸಂಶೋಧನಾ ಸಂಸ್ಥೆಯಲ್ಲಿ ವೃತ್ತಿಜೀವನವಿಡೀ ಪ್ರಯೋಗಗಳ ದಾಖಲೆಗಳನ್ನೂ ಅವುಗಳ ದಿನಾಂಕಗಳನ್ನೂ ತಾಳೆ ನೋಡಿದವನಿಗೆ ಒಪ್ಪುವ ಕೆಲಸ ಅದು. ಪ್ರತಿಯೊಂದು ಡಬ್ಬಿಯ ಎತ್ತರವನ್ನೂ ಅಳೆದ ದಿನದೊಂದಿಗೆ ಡೈರಿಯಲ್ಲಿ ಬರೆದಿಟ್ಟಿದ್ದೆ.

ಇಂಥ ಕಪ್ಲರ್ ಹಾಕಿದ ಉದ್ದನೆಯ ಡಬ್ಬಿಗಳಿಗೆ ವಿಶಾಲವಾದ ತಿರುವು ಬೇಕು. ಅದು ನನ್ನ ಫ್ಲ್ಯಾಟಿನಲ್ಲಿ ಸಾಧ್ಯವಿಲ್ಲ. ಸೂರತ್ತಿನ ಅಡಾಜಣ್‌ನಲ್ಲಿರುವ ನನ್ನ ಗೆಳೆಯರ ಮನೆಯಲ್ಲಿ ಸಾಧ್ಯ. ಅವರು ಕುಂದಾಪುರದ ಕಡೆಯವರು. ಅದೇ ಊರಿನ ಉಧ್ನಾದಲ್ಲಿ ಉಡುಪಿ ಹೋಟೆಲು ನಡೆಸುತ್ತಾರೆ. ಮನೆಯ ಒಂದು ಕೋಣೆಯನ್ನು ಪೂರ್ತಿಯಾಗಿ ಹಳಿಗೆ ಬಿಟ್ಟುಕೊಟ್ಟಿದ್ದಾರೆ. ತಿಂಗಳಿಗೊಂದು ಭಾನುವಾರ ನಾನು ಅಲ್ಲಿಗೆ ಹೋಗುತ್ತಿದ್ದೆ. ನನ್ನ ಮೊಮ್ಮಕ್ಕಳು ಕನ್ನಡದ ಪ್ರಶ್ನೆಗೆ ಗುಜರಾತಿಯಲ್ಲಿ ಉತ್ತರಿಸುತ್ತಾರೆ. ರೈಲಿನ ವಿಷಯವನ್ನು ದಿನವಿಡೀ ಕನ್ನಡದಲ್ಲಿ ಮಾತಾಡಲು ನನಗಿದ್ದವರು ಅವರೊಬ್ಬರೇ. ಅವರನ್ನು ಕಳೆದುಕೊಂಡರೆ ನನಗೆ ಹಳಿಯೂ ಇಲ್ಲ, ಮಾತೂ ಇಲ್ಲ.

ಆದರೂ ಸಂಶಯ ಬಂದದ್ದು ಅವರ ಮೇಲೆಯೇ. ವಡೋದರಾದ ಕೆಲವು ಹವ್ಯಾಸಿಗಳಿಗೆ ತೋರಿಸಬೇಕೆಂದು ಕೇಳಿ ಡಬ್ಬಿಗಳನ್ನು ನಾಲ್ಕು ವಾರ ಇಟ್ಟುಕೊಂಡವರು ಅವರು. ತರಲು ಹೋದ ದಿನ, ಹೋಟೆಲಿನಲ್ಲಿ ಕೆಲಸವಿದೆಯೆಂದು ರೈಲನ್ನು ಓಡಿಸದೆ ಪೆಟ್ಟಿಗೆಯನ್ನು ಕೈಗಿತ್ತವರೂ ಅವರೇ. ಅವರ ಬಳಿಯೂ ಅದೇ ತಯಾರಿಕೆಯ, ಅದೇ ಬಣ್ಣದ ಡಬ್ಬಿಗಳಿವೆ. ಅವುಗಳ ಗಾಲಿಗಳು ಸವೆದಿವೆ. ಫೋನು ಮಾಡಿದೆ.

"ನನ್ನ ಡಬ್ಬಿ ಬಿಚ್ಚಿದ್ರೇನ್ರೀ?"

"ಹಾಂ… ಸ್ವಲ್ಪ ನೋಡಿದ್ದೆ ಮಾರಾಯ್ರೆ. ಈಗ ಎಂತ, ಸರಿ ಉಂಟಲ್ಲ? ಇಡ್ತೇನೆ, ಚಟ್ನಿ ಹತ್ರ ಕರೀತಿದ್ದಾರೆ."

ಆ ಹೋಟೆಲಿನಲ್ಲಿ ಚಟ್ನಿ ರುಬ್ಬುವುದು ಯಂತ್ರ. ಮಾಲೀಕರನ್ನು ಕರೆಯುವ ಪ್ರಮೇಯವೇ ಇಲ್ಲ. ಇದನ್ನೂ ಬರೆದುಕೊಂಡೆ.

"ಆಫೀಸಿನ್ಯಾಗ ಅಷ್ಟು ವರ್ಷ ಮಂದಿ ತಪ್ಪು ಹುಡುಕಿದ್ದು ಸಾಲಲಿಲ್ಲೇನು?" ಎಂದಳು ಹೆಂಡತಿ. ನಾನು ಕೇಳಲಿಲ್ಲ. ಏಳು ಅಂಶಗಳ ಸಂದೇಶವೊಂದನ್ನು ದಿನಾಂಕಗಳ ಸಮೇತ ಸಿದ್ಧಪಡಿಸಿ ಗೆಳೆಯರಿಗೆ ಕಳುಹಿಸಿದೆ. ಗಾಲಿಯ ಚೌಕಟ್ಟುಗಳನ್ನು ಅದಲುಬದಲು ಮಾಡಲಾಗಿದೆ ಎಂಬುದು ಏಳನೆಯ ಅಂಶ. ಎರಡು ದಿನಗಳ ನಂತರ ಉತ್ತರ ಬಂತು: "ಓದಿದೆ. ಇನ್ನು ನಿಮ್ಮ ಡಬ್ಬಿ ನಿಮ್ಮಲ್ಲೇ ಇರಲಿ ಸರ್." ಅವರು ನನ್ನನ್ನು ಸರ್ ಎಂದು ಕರೆದದ್ದು ಅದೇ ಮೊದಲು. ಆ ತಿಂಗಳ ಭಾನುವಾರ ನಾನು ಸೂರತ್ತಿಗೆ ಹೋಗಲಿಲ್ಲ. ಅವರು ಕರೆಯಲೂ ಇಲ್ಲ.

ಆರೋಪಕ್ಕೆ ಇನ್ನಷ್ಟು ಬಲ ಕೊಡೋಣವೆಂದು ಒಂದು ಡಬ್ಬಿಯ ವಾಷರುಗಳನ್ನು ತೆಗೆದು ಅಳೆದೆ. ಕಪ್ಲರ್ ಅರ್ಧ ಮಿಲಿಮೀಟರ್ ಕೆಳಗಿತ್ತು. ಡೈರಿಯ ಪ್ರಕಾರ ಅದು ಕರಾರುವಾಕ್ಕಾಗಿ ಇರಬೇಕಿತ್ತು. ಅಲ್ಲಿಗೆ ಚೌಕಟ್ಟು ಬದಲಾದದ್ದು ಸಾಬೀತಾಯಿತೆಂದು, ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಸಂತೋಷವೇ ಆಯಿತು. ಉಳಿದದ್ದು ಒಂದೇ ಒಂದು ದಿನಾಂಕ. ಪ್ಲಾಸ್ಟಿಕ್ ಗಾಲಿಗಳನ್ನು ತೆಗೆದು ಲೋಹದ ಗಾಲಿಗಳನ್ನು ಹಾಕಿದ್ದೆನಲ್ಲ, ಅದು ಯಾವಾಗ? ಸಣ್ಣ ಕೆಲಸವೆಂದು ಅದನ್ನು ಡೈರಿಯಲ್ಲಿ ಬರೆದಿರಲಿಲ್ಲ. ಎತ್ತರ ಅಳೆಯುವುದಕ್ಕೆ ಮೊದಲೇ ಎಂದು ನನ್ನ ನೆನಪು.

ನೆನಪನ್ನು ಸಾಕ್ಷಿಯಿಲ್ಲದೆ ಒಪ್ಪುವ ಅಭ್ಯಾಸ ನನಗಿಲ್ಲ. ಗಾಲಿಗಳನ್ನು ಒಂದೊಂದಾಗಿ ಒತ್ತಿ ಕೂರಿಸುತ್ತಿದ್ದಾಗ ಏನು ಕೇಳಿಸುತ್ತಿತ್ತು ಎಂದು ಯೋಚಿಸಿದೆ. ಮಹಡಿಗಳ ಮೇಲಿಂದ ಗಾಳಿಪಟ ಹಾರಿಸುವವರ "ಕಾಯ್ಪೋ ಛೇ" ಎಂಬ ಕೂಗು, ತುತ್ತೂರಿ, ಕತ್ತರಿಸಿದ ಗಾಳಿಪಟವೊಂದು ಕಿಟಕಿಯ ಸರಳಿಗೆ ಸಿಕ್ಕಿಕೊಂಡದ್ದು. ಅಂದರೆ ಉತ್ತರಾಯಣದ ದಿನ, ನಮ್ಮ ಸಂಕ್ರಾಂತಿ.

"ಹೌದಲ್ಲ, ಉಂಧಿಯು ಪಲ್ಯ ಆರಿ ಹೋಗಾಕತ್ತೈತಿ, ಏಳ್ರಿ ಅಂತ ಮೂರು ಸಲ ಕರೆದೆ. ಗಾಲಿ ಗಾಲಿ ಅಂತ ಕೂತಿದ್ರಿ" ಎಂದಳು ಹೆಂಡತಿ.

ಡೈರಿ ತೆರೆದೆ. ಎತ್ತರ ಅಳೆದದ್ದು ಉತ್ತರಾಯಣಕ್ಕೆ ನಾಲ್ಕು ದಿನ ಮೊದಲು, ಹಳೆಯ ಗಾಲಿಗಳ ಮೇಲೆ. ಹೊಸ ಗಾಲಿಗಳ ವ್ಯಾಸ ಒಂದು ಮಿಲಿಮೀಟರ್ ಕಡಿಮೆ, ಎಂದರೆ ಡಬ್ಬಿ ಅರ್ಧ ಮಿಲಿಮೀಟರ್ ತಗ್ಗು. ಡಬ್ಬಿಗಳನ್ನು ತಗ್ಗಿಸಿದವನು ನಾನೇ. ಆ ವಾಷರುಗಳು ಅವನ್ನು ಮತ್ತೆ ಸರಿಯಾದ ಎತ್ತರಕ್ಕೆ ಎತ್ತಿದ್ದವು. ತೆಗೆದಿದ್ದವುಗಳನ್ನು ಇದ್ದ ಜಾಗದಲ್ಲೇ ಕೂರಿಸಿ, ಮರುದಿನ ಬೆಳಿಗ್ಗೆ ಪೆಟ್ಟಿಗೆಯೊಂದಿಗೆ ರೈಲು ಹತ್ತಿದೆ. ವಡೋದರಾ ದಾಟುವ ಹೊತ್ತಿಗೆ ಕ್ಷಮೆಯ ಮಾತುಗಳನ್ನು ಮೂರು ರೀತಿಯಲ್ಲಿ ಬರೆದು ಹೊಡೆದುಹಾಕಿದ್ದೆ.

ಬಾಗಿಲು ತೆರೆದ ಗೆಳೆಯರು "ಬನ್ನಿ" ಎಂದರು, ನಗಲಿಲ್ಲ.

"ತಪ್ಪು ನಂದು. ಗಾಲಿ ಬದಲಿಸಿದ ಮ್ಯಾಲೆ ಅಳತಿ ತಗೊಂಡಿರಲಿಲ್ಲ."

"ಗೊತ್ತುಂಟು."

"ಗೊತ್ತಿದ್ದೂ ಯಾಕ ಹೇಳಲಿಲ್ಲ?"

"ವಡೋದರಾದವರನ್ನು ನಾನೇ ನಿಮ್ಮನ್ನು ಹೊಗಳಿ ಕರೆಸಿದ್ದು, ಇವರ ಕೆಲಸ ನೋಡಿ ಅಂತ. ಅವರೆದುರೇ ಎಂಜಿನ್ನು ಮೂರು ಸಲ ಕೊಂಡಿ ತಪ್ಪಿ ನಿಮ್ಮ ಡಬ್ಬಿಯ ಕೈಬಿಟ್ಟು ಹೋಯ್ತು. ನನ್ನ ಹಳಿಯೇ ಸರಿ ಇಲ್ಲ ಅಂದುಬಿಟ್ಟೆ. ಅವರು ಹೋದ ಮೇಲೆ ಹೋಟೆಲಿನ ಪಾರ್ಸೆಲ್ ಡಬ್ಬದ ಮುಚ್ಚಳ ಕತ್ತರಿಸಿ ವಾಷರ್ ಹಾಕಿದೆ. ನಿಮಗೆ ಹೇಳಿದ್ರೆ, ಎಷ್ಟು ಗಂಟೆಗೆ ಕೈಬಿಟ್ಟಿತು ಅಂತ ಕೇಳ್ತಿದ್ರಿ."

ಕೇಳುತ್ತಿದ್ದೆ, ನಿಜ.

"ಕಳ್ಳ ಅಂತ ನೀವು ಬರೀಲಿಲ್ಲ. ಆದರೆ ಏಳು ಪಾಯಿಂಟ್ ಬರೆದ್ರಿ. ಏಳನ್ನೂ ನನ್ನ ಹೆಂಡತಿ ಓದಿದ್ಲು ಮಾರಾಯ್ರೆ."

"ಏಳಕ್ಕೂ ತಿದ್ದುಪಡಿ ಬರಕೊಂಡು ಬಂದೀನಿ" ಎಂದು ಜೇಬಿನಿಂದ ಕಾಗದ ತೆಗೆದೆ.

"ನನಗೆ ಬೇಡ. ಅವಳಿಗೆ ಓದಿ ಹೇಳಿ."

ಪೆಟ್ಟಿಗೆಯನ್ನು ಹಜಾರದಲ್ಲೇ ಇಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು ಓದತೊಡಗಿದೆ. ಆಕೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು, ತಲೆ ಎತ್ತಲಿಲ್ಲ. ಮೂರನೆಯದು ಮುಗಿದಾಗ, "ತಾರೀಕು ಸಮೇತ ಓದ್ಲೇಬೇಕಾ ಅಣ್ಣ?" ಎಂದರು.

"ಆರೋಪ ಮಾಡುವಾಗ ತಾರೀಖು ಹಾಕಿದ್ದೆ ತಂಗಿ."

"ಹಾಗಾದ್ರೆ ಓದಿ."

ಆರನೆಯದನ್ನು ಓದುತ್ತಿದ್ದಾಗ ಒಳಗಿನ ಕೋಣೆಯಲ್ಲಿ ಎಂಜಿನ್ನು ಹೊರಟ ಸದ್ದು ಕೇಳಿಸಿತು. ಹಿಂದೆಯೇ ಲೋಹದ ಗಾಲಿಗಳ ಸಣ್ಣ ಟಕಟಕ. ಅಷ್ಟು ಡಬ್ಬಿಗಳ ಸದ್ದು ನನ್ನವುಗಳದ್ದೇ ಇರಬೇಕು. ಆಕೆ ಕತ್ತೆತ್ತಿ, "ಹೋಗಿ, ಶುರು ಮಾಡಿದ್ರು" ಎಂದರು.

"ಇನ್ನೊಂದು ಉಳದೈತಿ" ಎಂದು ಹೇಳಿ, ಏಳನೆಯದನ್ನೂ ಪೂರ್ತಿಯಾಗಿ ಓದಿ ಮುಗಿಸಿಯೇ ಒಳಗೆ ಹೋದೆ.