ನಮ್ಮ ಭಾವನ ದವಡೆ ಬೇಟೆ

ನಮ್ಮ ಭಾವ ಕೂತದ್ದನ್ನು ಕಂಡವರಿಲ್ಲ. ಕಂಡೆವೆಂದು ಹೇಳಿಕೊಂಡ ಒಬ್ಬಿಬ್ಬರನ್ನು ಗಟ್ಟಿಯಾಗಿ ವಿಚಾರಿಸಿದಾಗ, ಅವರು ಕಂಡದ್ದು ಭಾವ ಏಳುತ್ತಿದ್ದುದನ್ನು ಎಂದು ತಿಳಿಯಿತು. ಮದುವೆಯ ಫೋಟೊದಲ್ಲಿ ಅಕ್ಕನ ಪಕ್ಕ ಒಂದು ಕೋಟು ಇದೆ, ಕೋಟಿನ ಮೇಲೆ ಹೊಗೆಯಂಥದ್ದೇನೋ ಇದೆ. ಆ ಹೊಗೆಯೇ ಭಾವ. ಅಡುಗೆಮನೆಯಿಂದ ಬೀದಿಬಾಗಿಲವರೆಗೆ ಅವರು ಸವೆಸಿದ ನೆಲದಲ್ಲಿ ಮಳೆ ನೀರು ದಾರಿ ಕೇಳದೆ ಹರಿಯುತ್ತದೆ.

"ಕಾಲಿಗೆ ಚಕ್ರ ಕಟ್ಟಿ ಕಳಿಸಿದಾರೆ, ಬ್ರೇಕ್ ಹಾಕೋದು ಮರೆತಿದಾರೆ" ಎನ್ನುತ್ತಾಳೆ ಅಕ್ಕ.

ಇಂಥವರಿಗೆ ಸಿಕ್ಕ ಕೆಲಸ, ವಸ್ತುಸಂಗ್ರಹಾಲಯದಲ್ಲಿ ಆದಿಮಾನವರ ಮೂಳೆಗಳ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ಎರೆಯುವುದು. ಎಲ್ಲರೂ ಕೂತು ಮಾಡುವ ಕೆಲಸವನ್ನು ಭಾವ ಮೇಜಿನ ಸುತ್ತ ಸುತ್ತುತ್ತ ಮಾಡುತ್ತಿದ್ದರು. ಊಟವೂ ಹಾಗೆಯೇ, ನಡೆಯುತ್ತಲೇ. ಹಿಂದಿನ ವಾರ ಅವರ ಮೊಣಕೈ ತಾಗಿ ಒಂದು ತಲೆಬುರುಡೆ ಚೂರಾಗಿತ್ತು. ದೊಡ್ಡ ಸಾಹೇಬರು ಕರೆದು ಹೇಳಿದ್ದರು: "ಇನ್ನೊಂದು ಹಾಳಾದ್ರೆ ಕೂತು ಕೆಲಸ ಮಾಡೋರನ್ನ ಹುಡುಕ್ಕೋತೀನಿ. ನೀವು ಹೊರಗಡೆ ಎಷ್ಟು ಬೇಕಾದ್ರೂ ನಡೀಬಹುದು."

ಮಾನವನ ಮೂಲವನ್ನು ಕುರಿತ ಹೊಸ ಕೊಠಡಿಯ ಉದ್ಘಾಟನೆಯ ದಿನ ನಾನೂ ಅಕ್ಕನೂ ಹೋದೆವು. ಹಿತ್ತಲ ಗೋಡೆಯ ಮೇಲೆ ಆದಿಮಾನವನ ದವಡೆ ಬಿಸಿಲಿಗೆ ಒಣಗುತ್ತಿತ್ತು. ಭಾವ ಬ್ರೆಡ್ಡಿನ ನಡುವೆ ಮಾಂಸ ಇಟ್ಟುಕೊಂಡು ತಿನ್ನುತ್ತ, ಸುತ್ತುತ್ತ, ಅದೇ ಕೈಯಲ್ಲಿ ದವಡೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಮಾಂಸದ ಸಾರು ಹತ್ತಿದ ಆದಿಮಾನವನ ವಾಸನೆ ಬೀದಿಗೆ ಮುಟ್ಟಿತು. ಒಂದು ಕಂದು ನಾಯಿ ಬಂದು ದವಡೆ ಕಚ್ಚಿಕೊಂಡು ಹೊರಟಿತು.

ಇನ್ನೊಂದು ಎರೆದರೆ ಒಣಗುವುದು ಮರುದಿನವೇ. ಉದ್ಘಾಟನೆ ಸಂಜೆಗೆ.

"ಓಡ್ರೀ!" ಅಕ್ಕ ಕೂಗಿದಳು.

ಜೀವಮಾನವಿಡೀ ಸುಮ್ಮನಿರದ ಮನುಷ್ಯ ಅಂದು ಓಡಲಿಲ್ಲ. ನಡೆದರು. ನಾನು ಅಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಭಾವನ ಬೆನ್ನು ಹತ್ತಿದೆ. ನಾಯಿ ಬಾಣದಂತೆ ಓಡಿ, ಮಾರುಕಟ್ಟೆಯ ತುದಿಯಲ್ಲಿ ದವಡೆ ಕೆಳಗಿಟ್ಟು ನಾಲಿಗೆ ಚಾಚಿತು. ತಿರುಗಿ ನೋಡಿದರೆ ಭಾವ. ಮತ್ತೆ ಓಡಿ ಮರದ ನೆರಳಿಗೆ ಹೋಯಿತು. ಅಲ್ಲಿಗೂ ಭಾವ ಬಂದರು. ಸೇತುವೆ ದಾಟಿದರೂ ಭಾವ.

"ಇದೇನು ಮೆರವಣಿಗೆನಾ?" ಅಕ್ಕನ ಕಣ್ಣಲ್ಲಿ ನೀರು. "ಕೆಲಸ ಹೋಗುತ್ತೆ ಕಣೋ. ಈ ವಯಸ್ಸಲ್ಲಿ ಇವರಿಗೆ ಯಾರು ಕೆಲಸ ಕೊಡ್ತಾರೆ?"

ನಾನು ಶಾಲೆಯಲ್ಲಿ ಜೀವಶಾಸ್ತ್ರ ಹೇಳುವವನು. ನನಗೆ ಆಗಲೇ ರೋಮಾಂಚನ. ನಮ್ಮ ಪೂರ್ವಿಕರು ಆಫ್ರಿಕಾದ ಬಯಲಿನಲ್ಲಿ ಹೀಗೆಯೇ ಬೇಟೆಯಾಡಿರಬಹುದು ಎನ್ನುವ ವಿದ್ವಾಂಸರಿದ್ದಾರೆ. ಪ್ರಾಣಿ ನಮಗಿಂತ ವೇಗ, ಆದರೆ ಮೈತುಂಬ ರೋಮ, ತೇಕಿಯೇ ಮೈ ತಣಿಸಿಕೊಳ್ಳಬೇಕು. ಬೋಳು ಮೈಯ ಎರಡುಕಾಲಿನವನು ಬೆವರುತ್ತ, ಬಿಡದೆ, ಹಿಂದೆ ಬರುತ್ತಲೇ ಇರುತ್ತಾನೆ. ಭಾವನ ಅಂಗಿಯೂ ಬೆನ್ನಿಗಂಟಿತ್ತು.

ಕೊನೆಗೆ ಗ್ಯಾರೇಜೊಂದರ ಮುಂದೆ ನಾಯಿ ಅಡ್ಡಬಿತ್ತು. ಭಾವ ದವಡೆ ಎತ್ತಿಕೊಂಡಾಗ ಅದು ಗುರ್ ಎನ್ನಲೂ ಇಲ್ಲ. ಪೀಡೆ ತೊಲಗಿತೆಂಬಂತೆ ಕಣ್ಣು ಮುಚ್ಚಿತು.

ನಾಯಿಯ ಹಲ್ಲು ನಾಟಿದ ತೂತುಗಳಿಗೆ ಪ್ಲಾಸ್ಟರ್ ಮೆತ್ತಿ, ಬಣ್ಣ ಬಳಿದು, ಸಾಹೇಬರು ಬರುವ ಹೊತ್ತಿಗೆ ದವಡೆ ಗಾಜಿನ ಪೆಟ್ಟಿಗೆಯೊಳಗಿತ್ತು. ಸಾಹೇಬರು ಬಗ್ಗಿ ನೋಡಿ, "ಸದ್ಯ, ಇದೊಂದು ನೆಟ್ಟಗಿದೆ. ನಾಳೆ ಬೇಗ ಬನ್ನಿ" ಎಂದರು. ಅಕ್ಕ ಬೆಂಚಿನ ಮೇಲೆ ಕುಸಿದು ಕೂತಳು.

ನನಗೆ ತಡೆಯಲಾಗಲಿಲ್ಲ. "ಭಾವ, ನೀವು ಸಾಮಾನ್ಯರಲ್ಲ. ಲಕ್ಷಾಂತರ ವರ್ಷದ ರಕ್ತ ನಿಮ್ಮಲ್ಲಿ ಇನ್ನೂ ಹರೀತಿದೆ. ನಾವೆಲ್ಲ ಆಗಿದ್ರೆ ಓಡಿ ಕೆಟ್ಟಿರ್ತಿದ್ವಿ. ನಡೀಬೇಕು ಅಂತ ನಿಮಗೆ ಹೇಗೆ ಹೊಳೀತು?"

ಭಾವ ಗಾಜಿನ ಪೆಟ್ಟಿಗೆಯ ಸುತ್ತ ಇನ್ನೊಂದು ಸುತ್ತು ಮುಗಿಸಿಕೊಂಡು ಬಂದರು.

"ಚಪ್ಪಲಿ ಉಂಗುಷ್ಠ ಕಿತ್ತೋಗಿತ್ತು ಕಣಯ್ಯಾ."